ಒಂದೇ ತಪ್ಪು ಉತ್ತರ, ಮೂರು ದೋಷ: ಮಕ್ಕಳ ಕೂಡುವ, ಕಳೆಯುವ ಲೆಕ್ಕವನ್ನು ಪರೀಕ್ಷಿಸುವ ಬಗೆ

52 − 27 = 35.

ಮಂಡ್ಯ ತಾಲ್ಲೂಕಿನ ನಾಲೆ ಬಯಲಿನ ಒಂದು ಸರ್ಕಾರಿ ಶಾಲೆಯಲ್ಲಿ ನನ್ನ ಮೂರನೇ ತರಗತಿಯ ಇಬ್ಬರು ಮಕ್ಕಳು ಒಂದೇ ದಿನ ಈ ಉತ್ತರ ಬರೆದರು. ಒಬ್ಬಳು ಮುಂದಿನ ಸಾಲಿನ ಹುಡುಗಿ, ಇನ್ನೊಬ್ಬ ಹಿಂದೆ ಕಿಟಕಿಯ ಪಕ್ಕ ಕೂರುವ ಹುಡುಗ. ನೋಡಿ ಬರೆದಿರಲು ಸಾಧ್ಯವಿರಲಿಲ್ಲ. ಇಬ್ಬರ ಪುಸ್ತಕಕ್ಕೂ ಕೆಂಪು ಗೆರೆ ಎಳೆದು, ‘ಗಮನವಿಟ್ಟು ಮಾಡು’ ಎಂದು ಬರೆದು, ಇಬ್ಬರನ್ನೂ ಕೂರಿಸಿಕೊಂಡು ದಶಕ ತರುವ ಪಾಠವನ್ನು ಮತ್ತೆ ಹೇಳಿದೆ. ಹುಡುಗಿ ಎರಡೇ ದಿನಕ್ಕೆ ಸರಿಹೋದಳು. ಹುಡುಗ ಮೂರು ವಾರವಾದರೂ 35ರಲ್ಲೇ ಇದ್ದ. ದಡ್ಡ ಎಂದು ಬಾಯಿಬಿಟ್ಟು ಹೇಳಲಿಲ್ಲ. ಮನಸ್ಸಿನಲ್ಲಿ ಅಂದುಕೊಂಡಿದ್ದೆ, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇಬ್ಬರ ಪುಸ್ತಕದಲ್ಲೂ ಅದರ ಕೆಳಗೇ ಇನ್ನೊಂದು ಲೆಕ್ಕವಿತ್ತು: 84 − 36. ಹುಡುಗಿ 52 ಎಂದು ಬರೆದಿದ್ದಳು, ಹುಡುಗ 58 ಎಂದು. ಎರಡೂ ತಪ್ಪು, ಆದರೆ ಬೇರೆ ಬೇರೆ ತಪ್ಪು. ಅಂದೇ ಅದನ್ನು ಗಮನಿಸಿದ್ದರೆ ಮೂರು ವಾರ ಉಳಿಯುತ್ತಿತ್ತು. ಈ ಬರಹ ಆ ಮೂರು ವಾರದ ದಂಡ ಎಂದುಕೊಳ್ಳಿ. ಶಿಕ್ಷಕರಿಗೆ ಬರೆದದ್ದಾದರೂ ಮನೆಯಲ್ಲಿ ಮಗುವಿನ ಮುಂದೆ ಕೂರುವ ತಂದೆತಾಯಿಗೂ ಆಗುತ್ತದೆ.

ಪರೀಕ್ಷೆಗೆ ಕೂರುವ ಮುನ್ನ

ಬೇಕಾಗುವ ಸಾಮಾನು: ಎರಡು ಹಿಡಿ ಹುಣಸೆಬೀಜ, ತೆಂಗಿನ ಪೊರಕೆಯಿಂದ ಮುರಿದ ನೂರು ತುಂಡು ಕಡ್ಡಿ, ಹತ್ತು ರಬ್ಬರ್ ಬ್ಯಾಂಡ್, ರಟ್ಟಿನಲ್ಲಿ ಕತ್ತರಿಸಿದ 100, 10 ಮತ್ತು 1 ರೂಪಾಯಿಯ ಆಟದ ದುಡ್ಡು, ಒಂದು ಸ್ಲೇಟು. ಇವೆಲ್ಲಕ್ಕಿಂತ ಮುಖ್ಯವಾಗಿ ಹತ್ತು ನಿಮಿಷ, ಒಂದೇ ಮಗುವಿನ ಜೊತೆ. ನಲಿ-ಕಲಿ ತರಗತಿಯಲ್ಲಿ ಇದು ಅಷ್ಟು ಕಷ್ಟವಲ್ಲ. 1995ರಲ್ಲಿ ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಲ್ಲಿ ಕೂರುತ್ತಾರೆ, ಸ್ವಕಲಿಕೆಯ ಗುಂಪು ತನ್ನ ಪಾಡಿಗೆ ತಾನಿರುವಾಗ ಒಬ್ಬರನ್ನು ಪಕ್ಕಕ್ಕೆ ಕರೆಯಬಹುದು. ಬೆಳಗಿನ ಹಾಲು ಕುಡಿದ ಮೇಲೆ ಕರೆಯಿರಿ. ಹಸಿದ ಮಗುವಿನ ಲೆಕ್ಕ ಪರೀಕ್ಷಿಸಿದರೆ ಸಿಗುವುದು ಹಸಿವಿನ ಲೆಕ್ಕ.

ಮಗುವಿನ ಕಣ್ಣನ್ನೂ ಒಮ್ಮೆ ಅನುಮಾನಿಸಿ. ಕಪ್ಪುಹಲಗೆಯ 6 ಅದಕ್ಕೆ 8 ಆಗಿ ಕಂಡರೆ ಉಳಿದ ಪರೀಕ್ಷೆಯೆಲ್ಲ ವ್ಯರ್ಥ. ಕಿವಿಯ ಅನುಮಾನವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬರುವುದು ನಮ್ಮ ಭಾಗದವರಿಗೆ ಒಂದು ದಿನದ ಕೆಲಸ.

ಕೂತ ಮೇಲೆ ಒಂದು ಕಟ್ಟುನಿಟ್ಟು: ಆ ಹತ್ತು ನಿಮಿಷ ತಿದ್ದಬಾರದು. ‘ಸರಿಯಾಗಿ ನೋಡು’ ಎಂದರೂ ಕೆಟ್ಟಿತು, ಮಗು ತನ್ನ ದಾರಿ ಬಿಟ್ಟು ನಿಮ್ಮ ಮುಖ ಓದತೊಡಗುತ್ತದೆ. ‘ಹೇಗೆ ಮಾಡಿದೆ, ನನಗೂ ಹೇಳಿಕೊಡು’ ಎನ್ನಿ. ಸರಿಯುತ್ತರಕ್ಕೂ ಅದನ್ನೇ ಕೇಳಿ, ಇಲ್ಲದಿದ್ದರೆ ತಪ್ಪಾದಾಗ ಮಾತ್ರ ಮಿಸ್ ಹೀಗೆ ಕೇಳುತ್ತಾರೆ ಎಂದು ಮಕ್ಕಳು ಮೊದಲ ವಾರದಲ್ಲೇ ಕಂಡುಹಿಡಿಯುತ್ತಾರೆ. ಒಂದು ಜಾತಿಯ ಲೆಕ್ಕ ಮೂರಾದರೂ ಕೊಡಿ. ಮೂರರಲ್ಲಿ ಒಂದು ತಪ್ಪಿದರೆ ಕೈತಪ್ಪು. ಮೂರೂ ಒಂದೇ ರೀತಿ ತಪ್ಪಿದರೆ ಅಲ್ಲೊಂದು ನಿಯಮವಿದೆ, ಮಗು ಅದನ್ನು ನಿಷ್ಠೆಯಿಂದ ಪಾಲಿಸುತ್ತಿದೆ.

ಎಣಿಕೆಯಲ್ಲೇ ಕೆಟ್ಟಿದ್ದರೆ

ಎಂಟು ಹುಣಸೆಬೀಜ ಹರಡಿ ಎಣಿಸಲು ಹೇಳಿ. ಎಣಿಸಿ ಮುಗಿಸಿದ ಕೂಡಲೇ ‘ಒಟ್ಟು ಎಷ್ಟು?’ ಎಂದು ಕೇಳಿ. ಮಗು ‘ಎಂಟು’ ಎನ್ನದೆ ಮತ್ತೆ ಒಂದರಿಂದ ಎಣಿಸತೊಡಗಿದರೆ, ಕೊನೆಗೆ ಹೇಳಿದ ಹೆಸರೇ ಗುಂಪಿನ ಲೆಕ್ಕ ಎಂಬುದು ಅದಕ್ಕೆ ಇನ್ನೂ ಹೊಳೆದಿಲ್ಲ. ಎಣಿಕೆ ಅದರ ಪಾಲಿಗೆ ಹಾಡು. ರೋಷೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಸಂಶೋಧಕರು 1978ರಲ್ಲಿ ಎಣಿಕೆಯ ಹಿಂದಿರುವ ಐದು ತತ್ತ್ವಗಳನ್ನು ಬಿಡಿಸಿಟ್ಟರು, ಇದು ಅವುಗಳಲ್ಲೊಂದು. ಇಂಥ ಮಗುವಿಗೆ ಕೂಡುವ ಲೆಕ್ಕ ಕೊಡುವುದು ಅಡಿಪಾಯವಿಲ್ಲದೆ ಗೋಡೆ ಎಬ್ಬಿಸಿದ ಹಾಗೆ. ಪುಸ್ತಕ ಮುಚ್ಚಿ, ‘ಡಬ್ಬದಿಂದ ಏಳು ಬೀಜ ತೆಗೆದುಕೊಂಡು ಬಾ’ ಎಂಬ ಆಟವನ್ನು ಒಂದು ವಾರ ಆಡಿಸಿ.

ಇನ್ನು ಕನ್ನಡದ್ದೇ ಆದ ಒಂದೆರಡು ತೊಡಕುಗಳಿವೆ. ಇಪ್ಪತ್ತು ಮತ್ತು ಎಪ್ಪತ್ತು ಕಿವಿಗೆ ಅಕ್ಕತಂಗಿಯರು. ಒಂಬತ್ತು, ಎಂಬತ್ತು, ತೊಂಬತ್ತು ಸಾಲಾಗಿ ನಿಂತರೆ ದೊಡ್ಡವರೇ ತಡವರಿಸುತ್ತಾರೆ. 20ಕ್ಕೆ 5 ಕೂಡಿ 75 ಎಂದು ಬರೆಯುವ ಮಗುವಿಗೆ ಕೂಡುವುದು ಬರುತ್ತಿರಬಹುದು, ಅದು ಕೇಳಿಸಿಕೊಂಡದ್ದು ಎಪ್ಪತ್ತು. ಅದೇ ಲೆಕ್ಕವನ್ನು ಬರೆದು ತೋರಿಸಿ. ಸರಿಯಾದರೆ ದೋಷ ಹೆಸರಿನಲ್ಲಿದೆ. ಇಪ್ಪತ್ತೊಂಬತ್ತಾದ ಮೇಲೆ ‘ಇಪ್ಪತ್ತಹತ್ತು’ ಎನ್ನುವ ಮಗುವನ್ನು ಕಂಡರೆ ನನಗೆ ಖುಷಿ. ಬೆಲೆ ಸರಿಯಾಗಿದೆ, ಆ ಬೆಲೆಗೆ ಊರವರು ಇಟ್ಟ ಹೆಸರು ಮೂವತ್ತು ಎಂಬುದಷ್ಟೇ ಗೊತ್ತಿಲ್ಲ.

ಫೋರ್ಟೀನ್ ಎಂದಾಗ 41 ಬರೆಯುವ ಮಗುವಿದ್ದರೆ ಅದೇ ಸಂಖ್ಯೆಯನ್ನು ಕನ್ನಡದಲ್ಲಿ ಕೇಳಿ. ಇಂಗ್ಲಿಷ್ ಹೆಸರಿನಲ್ಲಿ ನಾಲ್ಕು ಮೊದಲು ಕೇಳಿಸುತ್ತದೆ, ನಮ್ಮ ಹದಿನಾಲ್ಕಿನಲ್ಲಿ ಹತ್ತು ಮೊದಲು. ಕನ್ನಡದಲ್ಲಿ 14 ಬರೆದರೆ ಸ್ಥಾನಬೆಲೆಯ ಪಾಠ ಬೇಡವೇ ಬೇಡ, ಇಂಗ್ಲಿಷ್ ಹೆಸರುಗಳನ್ನು ರೂಢಿ ಮಾಡಿಸಿದರೆ ಸಾಕು. ನೂರ ಇಪ್ಪತ್ತೈದನ್ನು 10025 ಎಂದು ಬರೆಯುವವರಿಗೆ 100, 20, 5 ಎಂದು ಬರೆದ ಮೂರು ರಟ್ಟಿನ ಚೀಟಿಗಳನ್ನು ಬಲಗಡೆಯ ಅಂಚು ಸೇರಿಸಿ ಒಂದರ ಮೇಲೊಂದು ಇಟ್ಟು ತೋರಿಸಿ. ಸೊನ್ನೆಗಳು ಚೀಟಿಯ ಅಡಿಯಲ್ಲಿ ಅಡಗಿ ಕೂತದ್ದು ಕಣ್ಣಿಗೇ ಕಾಣುತ್ತದೆ.

ಉತ್ತರ ಒಂದರಷ್ಟೇ ತಪ್ಪುತ್ತಿದ್ದರೆ

8 + 5 = 12. 13 − 4 = 10. ಕೂಡಿದಾಗ ಒಂದು ಕಡಿಮೆ, ಕಳೆದಾಗ ಒಂದು ಹೆಚ್ಚು. ಈ ಜೋಡಿ ಕಂಡರೆ ಬೇರೆ ಪರೀಕ್ಷೆಯೇ ಬೇಡ: ಮಗು ತಾನು ನಿಂತ ಮನೆಯನ್ನೂ ಎಣಿಸುತ್ತಿದೆ. ‘ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು’ ಎಂದು ಐದು ಬೆರಳು ಮಡಿಚಿದೆ, ಎಂಟಕ್ಕೂ ಒಂದು ಬೆರಳು ಹೋಯಿತು.

ಇದಕ್ಕೆ ಮದ್ದು ಚೌಕಾಬಾರ. ಅಂಗಳದಲ್ಲಿ ಸೀಮೆಸುಣ್ಣದಿಂದ ಐದೈದು ಮನೆಯ ಚೌಕ ಬರೆದು, ಒಂದು ಮಗ್ಗುಲು ಉಜ್ಜಿ ಬಿಳಿ ಮಾಡಿದ ನಾಲ್ಕು ಹುಣಸೆಬೀಜ ಕೊಟ್ಟು ನೋಡಿ. ನಾಲ್ಕು ಬಿದ್ದಾಗ ಯಾವ ಮಗುವೂ ಕಾಯಿ ಇರುವ ಮನೆಯನ್ನು ‘ಒಂದು’ ಎನ್ನುವುದಿಲ್ಲ. ಹಾಗೆ ಎಣಿಸಿದರೆ ಎದುರಾಳಿಗೆ ಲಾಭ, ತನಗೆ ಒಂದು ಮನೆ ನಷ್ಟ. ನೋಟ್‌ಬುಕ್ಕಿನ ಸಂಖ್ಯಾರೇಖೆಯಲ್ಲಿ ದಿನಾಲೂ ತಪ್ಪುವ ಹುಡುಗಿಯೊಬ್ಬಳು ಚೌಕಾಬಾರದಲ್ಲಿ ನನ್ನ ಕಾಯಿಯನ್ನು ಎರಡು ಸಲ ಕಡಿದಳು. ಮೂರನೆಯ ಆಟಕ್ಕೆ ಅದೇ ಮನೆಗಳಲ್ಲಿ 1, 2, 3 ಎಂದು ಅಂಕಿ ಬರೆದೆ. ‘ಕಾಯಿ ಎಂಟರಲ್ಲಿದೆ, ಗರ ನಾಲ್ಕು, ಎಲ್ಲಿಗೆ ಹೋಗುತ್ತೀ?’ ಕಾಯಿ ಮುಟ್ಟದೆಯೇ ‘ಹನ್ನೆರಡು’ ಎಂದಳು. ನಂತರ ಸ್ಲೇಟಿನಲ್ಲಿ 8 + 4 ಬರೆದಾಗ ಅವಳ ಬೆರಳು ಒಂದು ಗಳಿಗೆ ಎಂಟರ ಮೇಲೆ ನಿಂತಿತು, ಆಮೇಲೆ ಒಂಬತ್ತರಿಂದ ಶುರುವಾಯಿತು.

ಬೆರಳೆಣಿಕೆಯ ಬಗ್ಗೆ ಪೋಷಕರು ಗಾಬರಿಯಾಗುವುದುಂಟು. ಬೆರಳು ಎಣಿಸಲಿ ಬಿಡಿ. ಹತ್ತಕ್ಕೆ ಸೇರುವ ಜೋಡಿಗಳು (7ಕ್ಕೆ 3, 6ಕ್ಕೆ 4) ಬಾಯಿಗೆ ಬಂದ ಮೇಲೆ ಬೆರಳು ತಾನಾಗಿ ಮಡಿಲಿಗೆ ಇಳಿಯುತ್ತದೆ. ವಿಚಾರಿಸಬೇಕಾದದ್ದು ಎಣಿಸುವ ರೀತಿಯನ್ನು. ಅಜ್ಜಿ ಗೆಣ್ಣು ಎಣಿಸುತ್ತಾರೆ, ಬೆರಳಿಗೆ ಮೂರು. ಶಾಲೆಯಲ್ಲಿ ಬೆರಳಿಗೆ ಒಂದು. ಎರಡನ್ನೂ ಬೆರೆಸಿಕೊಂಡ ಮಗುವಿನ ಉತ್ತರಗಳಿಗೆ ತಲೆಬುಡ ಸಿಗುವುದಿಲ್ಲ, ಕೈ ನೋಡಿದರೆ ತಕ್ಷಣ ಸಿಗುತ್ತದೆ.

ದಶಕ ಸಹಿತ ಸಂಕಲನ

ಇಲ್ಲಿ ತಪ್ಪು ಉತ್ತರವೇ ಬಾಯಿಬಿಟ್ಟು ಮಾತಾಡುತ್ತದೆ. 47 + 38 ಕೊಡಿ. 85 ಬರದೆ 75 ಬಂದರೆ ದಶಕ ಮರೆತಿದೆ. 715 ಬಂದರೆ ಹದಿನೈದನ್ನು ಇಡಿಯಾಗಿ ಬಿಡಿಸ್ಥಾನದ ಕೆಳಗೆ ತುರುಕಿದೆ. 121 ಬಂದರೆ ಹದಿನೈದರಲ್ಲಿ 1 ಕೆಳಗೆ ಬರೆದು 5 ಅನ್ನು ಮೇಲೆ ಕಳಿಸಿದೆ, ಏಕೆಂದರೆ ಹದಿನೈದು ಬರೆಯುವಾಗ ಕೈಗೆ ಮೊದಲು ಬರುವುದು 1. ಜೊತೆಗೆ 42 + 35 ಕೊಟ್ಟು ನೋಡಿ. 87 ಬಂದರೆ ಮಗುವಿಗೆ ದಶಕ ಒಂದು ಶಾಸ್ತ್ರವಾಗಿದೆ, ಇರಲಿ ಇಲ್ಲದಿರಲಿ ತಲೆಯ ಮೇಲೊಂದು 1 ಇಡಲೇಬೇಕು. 28 + 5ಕ್ಕೆ 78 ಬಂದರೆ ಐದನ್ನು ಎರಡರ ಕೆಳಗೆ ಬರೆದುಕೊಂಡಿದೆ. ಚೌಕಳಿ ಹಾಳೆ ಕೊಟ್ಟರೆ ಮುಗಿಯಿತು.

ಉಳಿದ ನಾಲ್ಕಕ್ಕೂ ಕಡ್ಡಿಯ ಕಟ್ಟೇ ಔಷಧ. ನಲವತ್ತೇಳೆಂದರೆ ನಾಲ್ಕು ಕಟ್ಟು, ಏಳು ಬಿಡಿ. ಮೂವತ್ತೆಂಟೆಂದರೆ ಮೂರು ಕಟ್ಟು, ಎಂಟು ಬಿಡಿ. ಬಿಡಿಗಳನ್ನು ಒಟ್ಟು ಮಾಡಿದಾಗ ಹದಿನೈದು. ಹತ್ತಾದರೆ ರಬ್ಬರ್ ಬ್ಯಾಂಡ್ ಹಾಕಬೇಕು, ಅದೊಂದೇ ಕಾನೂನು. ಬ್ಯಾಂಡ್ ಹಾಕಿದ ಕಟ್ಟನ್ನು ಮಗು ತನ್ನ ಕೈಯಿಂದ ಕಟ್ಟುಗಳ ಕಡೆಗೆ ಸರಿಸಬೇಕು. ನೀವು ಸರಿಸಿದರೆ ಅದು ನಿಮ್ಮ ದಶಕ. ಒಮ್ಮೆ ಸರಿಸಿ ಒಮ್ಮೆ ಬರೆಯಬೇಕು, ಕಡ್ಡಿಯಾಟ ಒಂದು ದಿನ, ಬರೆಯುವುದು ಇನ್ನೊಂದು ದಿನ ಎಂದು ಬೇರೆ ಮಾಡಿದರೆ ಎರಡೂ ಬೇರೆಯಾಗಿಯೇ ಉಳಿಯುತ್ತವೆ.

ಕಳೆಯುವುದು, ಮತ್ತು ಆ 35

ಕೂಡುವುದರಲ್ಲಿ ಒಂದು ಕಾಲ ಹೋದರೆ ಕಳೆಯುವುದರಲ್ಲಿ ನಾಲ್ಕು ಕಾಲ ಹೋಗುತ್ತದೆ. ಹೆಸರಿನಿಂದಲೇ ಗೊಂದಲ. ಗದ್ದೆಯ ಮಕ್ಕಳಿಗೆ ಕಳೆ ಎಂದರೆ ಕೀಳುವ ಹುಲ್ಲು. ‘ಒಂಬತ್ತರಲ್ಲಿ ನಾಲ್ಕು ಕಳೆ’ ಎಂದಾಗ ಒಬ್ಬ ಒಂಬತ್ತು ಬೀಜ ಹರಡಿ, ನಾಲ್ಕನ್ನು ಬೆರಳಲ್ಲಿ ತೋರಿಸಿ, ‘ಇವು ನಾಲ್ಕು ಕಳೆ’ ಎಂದು ಕೈಕಟ್ಟಿ ಕೂತ. ವಾಕ್ಯವನ್ನು ಅವನು ಅರ್ಥಮಾಡಿಕೊಂಡ ರೀತಿಯಲ್ಲಿ ವ್ಯಾಕರಣ ದೋಷವೇನೂ ಇಲ್ಲ.

ಈಗ 52 − 27ಕ್ಕೆ ಬರುತ್ತೇನೆ. ಹುಡುಗಿಯನ್ನು ಹೇಗೆ ಮಾಡಿದೆ ಎಂದು ಕೇಳಿದಾಗ ಅವಳು, ‘ಎರಡರಲ್ಲಿ ಏಳು ಹೋಗುವುದಿಲ್ಲ, ಏಳರಲ್ಲಿ ಎರಡು ಹೋಗುತ್ತದೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ನೀವೇ ಹೇಳಿದ್ದಿರಿ, ಮಿಸ್’ ಎಂದಳು. ಹೇಳಿದ್ದೆ. ಒಂದನೇ ತರಗತಿಯಲ್ಲಿ, ಒಂದಂಕಿ ಲೆಕ್ಕದ ಕಾಲದಲ್ಲಿ, ತೊಂದರೆ ಬೇಡವೆಂದು ಹೇಳಿದ್ದ ಮಾತು ಎರಡು ವರ್ಷ ಕಾದು ಕೂತು ನನ್ನ ಮೇಲೆಯೇ ಬಿತ್ತು. ಆ ವಾಕ್ಯವನ್ನು ಯಾರೂ ಹೇಳಬೇಡಿ.

ಹುಡುಗನ ಕಥೆ ಬೇರೆ. ಅವನನ್ನು ಮೂರು ವಾರ ಕೇಳಿರಲೇ ಇಲ್ಲ, ಹೇಳುತ್ತಲೇ ಇದ್ದೆ. ಕೊನೆಗೊಂದು ದಿನ ಕೇಳಿದೆ. ಅವನು ಐದರ ಮೇಲೆ ಗೆರೆ ಎಳೆದು ನಾಲ್ಕು ಮಾಡಿದ, ಎರಡನ್ನು ಹನ್ನೆರಡು ಮಾಡಿದ, ಏಳು ಕಳೆದು 5 ಬರೆದ, ನಾಲ್ಕರಲ್ಲಿ ಎರಡು ಕಳೆದು 2 ಬರೆದ. 25. ನಾನು ಉಸಿರು ಬಿಡುವಷ್ಟರಲ್ಲಿ ಆ ಎರಡನ್ನು ಅಳಿಸಿ ಮೂರು ಮಾಡಿದ.

‘ಅದೇಕಪ್ಪ?’

‘ಪಕ್ಕದ ಮನೆಯಿಂದ ಒಂದು ಸಾಲ ತಂದಿದ್ದೆವಲ್ಲ ಮಿಸ್, ವಾಪಸ್ ಕೊಡಬೇಡವೇ?’

ಸಾಲ ತೀರಿಸದಿದ್ದರೆ ಏನಾಗುತ್ತದೆ ಎಂದು ಕಬ್ಬು ಬೆಳೆಯುವ ಮನೆಯ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತು. ಕೆಟ್ಟಿದ್ದು ನಾನು ಕೊಟ್ಟ ಹೆಸರು. ಅಲ್ಲಿ ಯಾರೂ ಸಾಲ ತರುವುದಿಲ್ಲ, ತನ್ನದೇ ಹತ್ತರ ನೋಟನ್ನು ಚಿಲ್ಲರೆ ಮಾಡಿಸಿಕೊಳ್ಳುತ್ತಾರೆ, ಅಷ್ಟೇ. ಅಂದಿನಿಂದ ನನ್ನ ತರಗತಿಯಲ್ಲಿ ‘ಸಾಲ’, ‘ಕಡ’ ಎರಡೂ ಮಾತಿಲ್ಲ. ‘ಚಿಲ್ಲರೆ ಮಾಡಿಸು’ ಅಥವಾ ‘ಕಟ್ಟು ಬಿಚ್ಚು’.

ಮೂರನೆಯ ಜಾತಿಯವರೂ ಇದ್ದಾರೆ: ಹನ್ನೆರಡು ಮಾಡಿಕೊಳ್ಳುತ್ತಾರೆ, ಐದನ್ನು ನಾಲ್ಕು ಮಾಡಲು ಮರೆಯುತ್ತಾರೆ. ಅವರದೂ 35.

ಮೂರು ದೋಷಕ್ಕೂ ಒಂದೇ ಉತ್ತರ ಏಕೆ ಬಂತು? 2 ಮತ್ತು 7ರ ಅಂತರ 5. ತಿರುಗಿಸಿ ಕಳೆದರೂ 5, ಚಿಲ್ಲರೆ ಮಾಡಿಸಿ ಹನ್ನೆರಡರಲ್ಲಿ ಕಳೆದರೂ 5. ಬಿಡಿಸ್ಥಾನದ ಅಂಕಿಗಳಿಗೆ ಐದರ ಅಂತರವಿದ್ದರೆ ದೋಷಗಳು ಒಂದರ ಹಿಂದೊಂದು ಅಡಗಿಬಿಡುತ್ತವೆ. ಅಭ್ಯಾಸಕ್ಕೆ ಅಂಥ ಲೆಕ್ಕ ಕೊಡಿ, ಪರೀಕ್ಷೆಗೆ ಕೊಡಬೇಡಿ.

ನಾನು ಈಗ ಮೊದಲು ಕೊಡುವುದು 60 − 24. ಸರಿಯುತ್ತರ 36. ತಿರುಗಿಸಿ ಕಳೆಯುವವರಿಗೆ 44 ಬರುತ್ತದೆ. ‘ಸೊನ್ನೆಯಲ್ಲಿ ಏನೂ ಹೋಗುವುದಿಲ್ಲ, ಹಾಗಾಗಿ ಸೊನ್ನೆ’ ಎನ್ನುವವರಿಗೆ 40. ಚಿಹ್ನೆ ನೋಡದೆ ಕೂಡಿದವರಿಗೆ 84. ಹತ್ತನ್ನು ಕಡಿಮೆ ಮಾಡಲು ಮರೆತವರಿಗೂ ಸಾಲ ತೀರಿಸಿದವರಿಗೂ 46. ಇವರಿಬ್ಬರನ್ನು ಅಂಕಿಯಿಂದ ಬೇರೆ ಮಾಡಲಾಗದು, ಬಾಯಿಂದಲೇ ಕೇಳಬೇಕು.

ಇದು ನನ್ನೊಬ್ಬಳ ಶೋಧವೇನಲ್ಲ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು 1978ರಲ್ಲೇ ಮಕ್ಕಳ ಇಂಥ ತಪ್ಪು ನಿಯಮಗಳನ್ನು ಪಟ್ಟಿ ಮಾಡಿ, ‘ಬಗ್ಗಿ’ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬಗ್ಗೆ ಬರೆದರು. ಕಂಪ್ಯೂಟರ್ ತಪ್ಪು ಲೆಕ್ಕ ಮಾಡುವ ಮಗುವಿನ ಪಾತ್ರ ವಹಿಸುತ್ತದೆ, ಶಿಕ್ಷಕರಾಗಲು ಬಂದವರು ಹೊಸ ಲೆಕ್ಕ ಕೊಡುತ್ತಾ ಅದರ ದೋಷ ಯಾವುದೆಂದು ಪತ್ತೆಹಚ್ಚಬೇಕು. ನಾನು ತರಬೇತಿಯಲ್ಲಿದ್ದಾಗ ಅಂಥದ್ದೊಂದು ನನ್ನ ಕೈಗೆ ಸಿಕ್ಕಿದ್ದರೆ ಆ ಹುಡುಗನಿಗೆ ಮೂರು ವಾರ ಉಳಿಯುತ್ತಿತ್ತು.

ದುಡ್ಡಿನ ಮೂಲಕ ಕಲಿಸುವುದು ಹಿಂದೆ ಸುಲಭವಿತ್ತು. ಈಗ ಅಂಗಡಿಯಲ್ಲಿ ಕ್ಯೂಆರ್ ಕೋಡ್. ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ಉಚಿತ. ಒಳ್ಳೆಯದೇ ಆಯಿತು, ನಾನೂ ಅದರಲ್ಲೇ ಶಾಲೆಗೆ ಬರುತ್ತೇನೆ. ಆದರೆ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಚಿಲ್ಲರೆ ಬರೆದು ಕೊಡುವುದನ್ನೂ, ಇಳಿಯುವ ತನಕ ಅಮ್ಮ ಅದನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವುದನ್ನೂ ಪಕ್ಕದಲ್ಲಿ ಕೂತ ಮಗು ಈಗ ಕಾಣುವುದು ಅಪರೂಪ. ಹಾಗಾಗಿ ಶಾಲೆಯಲ್ಲೇ ಸಂತೆ ಮಾಡಬೇಕಾಗುತ್ತದೆ. ಹಳೆಯ ಅಂಗಡಿಯವರು 37 ರೂಪಾಯಿಯ ಸಾಮಾನಿಗೆ 50 ಕೊಟ್ಟರೆ ಕಳೆಯುವುದೇ ಇಲ್ಲ. ‘ಮೂವತ್ತೇಳು, ಇಗೋ ಮೂರು, ನಲವತ್ತು, ಇಗೋ ಹತ್ತು, ಐವತ್ತು’ ಎಂದು ಮುಂದಕ್ಕೆ ಕೂಡುತ್ತಾ ಹದಿಮೂರು ಎಣಿಸಿಕೊಡುತ್ತಾರೆ. ಬರೆಯುವ ಪದ್ಧತಿ ಕೂರದ ಮಗುವಿಗೆ ಮೊದಲು ಇದನ್ನೇ ಕಲಿಸಿ. ನಂತರ ಬರೆದು ತೆಗೆದ ಉತ್ತರವನ್ನು ಈ ಎಣಿಕೆಯ ಜೊತೆ ಮಗುವೇ ತಾಳೆ ನೋಡಿಕೊಳ್ಳಲಿ.

ವಾಕ್ಯದ ಲೆಕ್ಕ

ಅಂಕಿಯಲ್ಲಿ ಕೊಟ್ಟರೆ ಸರಿ, ಮಾತಿನಲ್ಲಿ ಕೊಟ್ಟರೆ ತಪ್ಪು ಎಂದಾದರೆ ನೀವು ಹೇಳಿಕೊಟ್ಟ ಅಡ್ಡದಾರಿಯನ್ನೇ ಅನುಮಾನಿಸಿ. ‘ಒಟ್ಟು ಎಂದರೆ ಕೂಡು, ಉಳಿದದ್ದು ಎಂದರೆ ಕಳೆ, ಹೆಚ್ಚು ಎಂದರೆ ಕೂಡು.’ ಹಾಗಾದರೆ ಇದನ್ನು ಕೊಡಿ: ‘ನಿನ್ನ ಬಳಿ 12 ಗೋಲಿ ಇವೆ. ಅದು ತಮ್ಮನ ಬಳಿ ಇರುವುದಕ್ಕಿಂತ 5 ಹೆಚ್ಚು. ತಮ್ಮನ ಬಳಿ ಎಷ್ಟು?’ ಹದಿನೇಳು ಎಂದು ಬಂದರೆ ಮಗು ಕಥೆ ಓದಿಲ್ಲ, ‘ಹೆಚ್ಚು’ ಎಂಬ ಪದವನ್ನು ಹುಡುಕಿದೆ. ‘ಯಾರ ಬಳಿ ಜಾಸ್ತಿ ಇದೆ?’ ಎಂಬ ಒಂದೇ ಪ್ರಶ್ನೆ ಅರ್ಧ ದೋಷವನ್ನು ತೆಗೆಯುತ್ತದೆ.

ಸಮ ಚಿಹ್ನೆಯದೂ ಇದೇ ಪಾಡು. 8 + 4 = __ + 5 ಎಂದು ಬರೆದರೆ ಖಾಲಿ ಜಾಗದಲ್ಲಿ 12 ಬರುತ್ತದೆ, ‘ಸಮ ಎಂದರೆ ಉತ್ತರ ಬರೆ’ ಎಂದು ಮಕ್ಕಳು ತಿಳಿದಿರುತ್ತಾರೆ. ತರಕಾರಿ ಅಂಗಡಿಯ ತಕ್ಕಡಿ ಸಾಕು ಇದಕ್ಕೆ.

ಎಷ್ಟು ದಿನ ಕಾಯಬೇಕು ಎಂದು ಕೇಳುವವರಿಗೆ: ಚಿಕ್ಕ ಮಕ್ಕಳ ಓದು, ಲೆಕ್ಕದ ಅಡಿಪಾಯಕ್ಕೆಂದು ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯ ಗುರಿಗಳ ಪ್ರಕಾರ 99ರವರೆಗಿನ ಸಂಖ್ಯೆಗಳನ್ನು ಕಳೆಯುವುದು ಎರಡನೇ ತರಗತಿ ಮುಗಿಯುವ ಹೊತ್ತಿಗೆ ಬರಬೇಕು. ಒಂದನೇ ತರಗತಿಯ ಮಗುವಿಗೆ ದಶಕ ಬರುವುದಿಲ್ಲವೆಂದು ಟ್ಯೂಷನ್‌ಗೆ ಕಳಿಸುವ ಅವಸರ ಬೇಡ. ಮೂರನೇ ತರಗತಿಯಲ್ಲಿ, ತಿಂಗಳುಗಟ್ಟಲೆ ಕಡ್ಡಿ ಕೈಯಲ್ಲಿಟ್ಟುಕೊಂಡೂ, ಐದು ಮತ್ತು ಎಂಟರಲ್ಲಿ ಯಾವುದು ದೊಡ್ಡದೆಂದು ಪ್ರತಿಸಲವೂ ಎಣಿಸಿಯೇ ಹೇಳುವ ಮಗುವಿದ್ದರೆ, ಅದನ್ನು ತಜ್ಞರು ನೋಡಬೇಕು. ಅದು ನಮ್ಮ ನಿಮ್ಮ ರಿಪೇರಿಯ ಕೆಲಸವಲ್ಲ.

ಕಿಟಕಿಯ ಪಕ್ಕದ ಹುಡುಗ ಆ ವಾರವೇ 60 − 24ಕ್ಕೆ 36 ಬರೆದ, 84 − 36ಕ್ಕೆ 48. ಹುಮ್ಮಸ್ಸಿನಲ್ಲಿ 502 − 178 ಕೊಟ್ಟೆ. 334 ಎಂದು ಬರೆದು ತಂದ. ಹೊಸ ದೋಷ. ನೂರನ್ನು ಚಿಲ್ಲರೆ ಮಾಡಿಸಿದ್ದಾನೆ, ಹತ್ತರ ಸ್ಥಾನದಲ್ಲಿ ಹತ್ತು ಇಟ್ಟಿದ್ದಾನೆ, ಅದರಲ್ಲಿ ಒಂದನ್ನು ಬಿಡಿಗೆ ಕೊಟ್ಟದ್ದನ್ನು ಬರೆದುಕೊಂಡಿಲ್ಲ. ನಾನು ಏನೂ ಹೇಳದೆ ಆಟದ ದುಡ್ಡಿನ ಡಬ್ಬ ಮುಂದಿಟ್ಟೆ. ಐದು ನೂರರ ನೋಟು, ಎರಡು ಒಂದರ ನಾಣ್ಯ ಎಣಿಸಿಟ್ಟ. ಒಂದು ನೂರು ಕೊಟ್ಟು ಹತ್ತರ ಹತ್ತು ನೋಟು ಪಡೆದ. ಅದರಲ್ಲಿ ಒಂದು ಕೊಟ್ಟು ಹತ್ತು ನಾಣ್ಯ ಪಡೆದ. ಉಳಿದ ಹತ್ತರ ನೋಟುಗಳನ್ನು ಎರಡು ಸಲ ಎಣಿಸಿದ, ಸ್ಲೇಟು ನೋಡಿದ, ತೋಳಿನಿಂದ ಒಂದು ಮೂರನ್ನು ಒರೆಸಿ ಎರಡು ಬರೆದ.